ಪೇಷೆಂಟ್ ಕಡೆಯವರು

ಐಸಿಯು ಬಾಗಿಲು ಅರ್ಧ ತೆರೆಯುತ್ತದೆ. ನರ್ಸ್ ಒಬ್ಬರು ಬೆಡ್ ನಂಬರ್ ಹೇಳಿ, ‘ಪೇಷೆಂಟ್ ಕಡೆಯವರು ಯಾರು?’ ಎಂದು ಕೂಗುತ್ತಾರೆ. ಹೊರಗೆ ಬೆಂಚಿನ ಮೇಲೆ ಕೂತವರು, ಗೋಡೆಗೊರಗಿ ತೂಕಡಿಸುತ್ತಿದ್ದವರು, ನೆಲದ ಮೇಲೆ ಚಾಪೆ ಹಾಸಿಕೊಂಡವರು ಎಲ್ಲರೂ ಒಮ್ಮೆಲೇ ತಲೆ ಎತ್ತುತ್ತಾರೆ. ಒಬ್ಬರು ಎದ್ದು ಓಡುತ್ತಾರೆ. ಅವರ ಕೈಗೆ ಔಷಧದ ಚೀಟಿ ಬರುತ್ತದೆ, ಇಲ್ಲವೇ ಸಹಿ ಹಾಕಬೇಕಾದ ಕಾಗದ. ಉಳಿದವರು ಮತ್ತೆ ತಲೆ ತಗ್ಗಿಸುತ್ತಾರೆ.

ನಿಂತ ಹೃದಯ ಮತ್ತೆ ಬಡಿಯತೊಡಗಿದ ವ್ಯಕ್ತಿ ಒಳಗೆ ಮಲಗಿದ್ದರೆ, ಹೊರಗೆ ಕೂತ ಹೆಂಡತಿಗೋ ಮಗನಿಗೋ ತಾಯಿಗೋ ಅಂದಿನಿಂದ ಅದೇ ಹೆಸರು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಅದು ಅವರನ್ನು ಬಿಡುವುದಿಲ್ಲ. ಮಾತ್ರೆ ನೆನಪಿಸುವವರು, ಉಪ್ಪು ಅಳೆದು ಹಾಕುವವರು, ಫೈಲು ಹಿಡಿದು ಸರದಿಯಲ್ಲಿ ನಿಲ್ಲುವವರು, ರಾತ್ರಿಯ ಉಸಿರು ಎಣಿಸುವವರು ಎಲ್ಲ ಅವರೇ. ಬದುಕಿ ಬಂದವರ ಬಗ್ಗೆ ನೂರು ಜನ ವಿಚಾರಿಸುತ್ತಾರೆ. ಅವರನ್ನು ಬದುಕಿಸಿಕೊಂಡು ಬಂದವರು ಹೇಗಿದ್ದಾರೆಂದು ಕೇಳುವವರು ತೀರಾ ಕಡಿಮೆ.

ನಿಂತ ಹೃದಯ, ಓಡುವ ಗಡಿಯಾರ

ಹೃದಯಾಘಾತ, ಹೃದಯ ಸ್ತಂಭನ ಎರಡನ್ನೂ ಮಾತಿನಲ್ಲಿ ಒಂದೇ ಮಾಡಿಬಿಡುತ್ತೇವೆ. ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕೊಳವೆ ಕಟ್ಟಿಕೊಳ್ಳುವುದು. ಎದೆ ಹಿಂಡುತ್ತಿದ್ದರೂ ಮನುಷ್ಯ ಸಾಮಾನ್ಯವಾಗಿ ಎಚ್ಚರವಾಗಿರುತ್ತಾನೆ. ಹೃದಯ ಸ್ತಂಭನದಲ್ಲಿ ಹೃದಯವೇ ರಕ್ತ ತಳ್ಳುವುದನ್ನು ನಿಲ್ಲಿಸುತ್ತದೆ. ಬಹಳ ಸಲ ಅದರ ವಿದ್ಯುತ್ ಲಯ ಕೆಟ್ಟು ಹೀಗಾಗುತ್ತದೆ. ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತದೆ, ನಾಲ್ಕೈದು ನಿಮಿಷದೊಳಗೆ ಮಿದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಹೃದಯಾಘಾತವೇ ಸ್ತಂಭನಕ್ಕೆ ಕಾರಣವಾಗುವುದೂ ಉಂಟು.

ಅಮೆರಿಕದಲ್ಲಿ ವರ್ಷಕ್ಕೆ ಮೂರೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಆಸ್ಪತ್ರೆಯ ಹೊರಗೆ ಹೃದಯ ಸ್ತಂಭನವಾಗುತ್ತದೆ. ಅವರಲ್ಲಿ ಬದುಕಿ ಮನೆಗೆ ಮರಳುವವರು ಹತ್ತಕ್ಕೆ ಸುಮಾರು ಒಬ್ಬರು. ಹತ್ತರಲ್ಲಿ ಏಳು ಪ್ರಕರಣಗಳು ನಡೆಯುವುದು ಮನೆಯಲ್ಲೇ ಎಂಬುದು ಇನ್ನೊಂದು ಲೆಕ್ಕ. ಎಂದರೆ ಕುಸಿದು ಬೀಳುವುದನ್ನು ಮೊದಲು ಕಾಣುವವರು ಬಹುತೇಕ ಮನೆಯವರೇ: ಅಡುಗೆಮನೆಯಿಂದ ಓಡಿ ಬಂದ ಹೆಂಡತಿ, ಬಚ್ಚಲುಮನೆಯ ಬಾಗಿಲು ಒಡೆದ ಮಗ.

ಕರ್ನಾಟಕದಲ್ಲಿ ಈ ವಿಷಯ ಮನೆಮಾತಾಗಿದ್ದು 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ. ಮುಂದಿನ ದಿನಗಳಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಸಾಲುಗಟ್ಟಿದರು. ಪುನೀತ್ ಹೆಸರಿನಲ್ಲೇ ಬಂದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ತಜ್ಞರಿಗೆ ಕಳಿಸುವ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಾಯಿತು. 2025ರಲ್ಲಿ ಹಾಸನದಿಂದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಮತ್ತೆ ಅದೇ ಸಾಲು, ಅದೇ ಆತಂಕ. ಸಾವನ್ನು ತಡೆಯುವ ಬಗ್ಗೆ ಇಷ್ಟು ಮಾತಾಡಿದ ನಾಡಿನಲ್ಲಿ, ಸಾವಿನ ಬಾಗಿಲಿಂದ ತಿರುಗಿ ಬಂದವರ ಮನೆಯೊಳಗೆ ಮುಂದೇನಾಗುತ್ತದೆ ಎಂಬ ಮಾತು ಇನ್ನೂ ಶುರುವಾಗಬೇಕಿದೆ.

ಆ ಹತ್ತು ನಿಮಿಷ

2023ರ ಡಿಸೆಂಬರ್ 14ರ ಸಂಜೆ, ಮುಂಬೈ. ಮರಾಠಿ, ಹಿಂದಿ ಚಿತ್ರಗಳ ನಟ ಶ್ರೇಯಸ್ ತಲ್ಪಡೆ ಚಿತ್ರೀಕರಣ ಮುಗಿಸಿ ಮನೆಗೆ ಬಂದಿದ್ದರು. ಮೈಗೆ ಸರಿಯಿಲ್ಲವೆಂದು ಪತ್ನಿ ದೀಪ್ತಿ ಅವರನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಆಸ್ಪತ್ರೆ ಇನ್ನೇನು ಸಿಕ್ಕಿತು ಎನ್ನುವಾಗ ತಲ್ಪಡೆ ಪ್ರಜ್ಞೆ ತಪ್ಪಿದರು. ಸುತ್ತ ವಾಹನಗಳ ದಟ್ಟಣೆ. ದೀಪ್ತಿಯವರಿಗೆ ತಮ್ಮ ಕಡೆಯ ಬಾಗಿಲು ತೆರೆಯಲಾಗಲಿಲ್ಲ. ಗಂಡನ ಮೈಮೇಲಿಂದಲೇ ದಾಟಿ ಆಚೆ ಬಾಗಿಲಿನಿಂದ ಇಳಿದು ಜನರನ್ನು ಕೂಗಿದರು. ಬೀದಿಯಲ್ಲಿದ್ದವರು ಬಂದು ಅವರನ್ನು ಒಳಗೆ ಹೊತ್ತೊಯ್ದರು. ಅವರ ಹೃದಯ ಸುಮಾರು ಹತ್ತು ನಿಮಿಷ ನಿಂತಿತ್ತೆಂದು ಆಮೇಲೆ ವರದಿಯಾಯಿತು. ಅವರು ಚೇತರಿಸಿಕೊಂಡು ಕೆಲಸಕ್ಕೆ ಮರಳಿದರು.

ಇಂಥ ಘಟನೆಯಲ್ಲಿ ಒಂದು ವಿಚಿತ್ರವಿದೆ. ಕುಸಿದು ಬಿದ್ದವರಿಗೆ ಆ ಹತ್ತು ನಿಮಿಷದ ನೆನಪೇ ಇರುವುದಿಲ್ಲ. ಅನೇಕರಿಗೆ ಆ ದಿನವೂ, ಹಿಂದುಮುಂದಿನ ಕೆಲ ದಿನಗಳೂ ಅಳಿಸಿಹೋಗಿರುತ್ತವೆ. ಪಕ್ಕದಲ್ಲಿದ್ದವರಿಗೆ ಒಂದೊಂದು ಕ್ಷಣವೂ ಅಚ್ಚೊತ್ತಿರುತ್ತದೆ: ಮುಖದ ಬಣ್ಣ, ಗಂಟಲಿನ ಗೊರಗೊರ ಸದ್ದು, ಬರದೇ ಬರದೇ ಕೊನೆಗೂ ಬಂದ ಆಂಬುಲೆನ್ಸ್. ಒಂದೇ ಘಟನೆಯನ್ನು ಇಬ್ಬರೂ ದಾಟಿ ಬಂದಿದ್ದರೂ ಅದರ ನೆನಪನ್ನು ಹೊರಬೇಕಾದವರು ಒಬ್ಬರೇ.

ಎದೆ ಒತ್ತಿ ಸಿಪಿಆರ್ ಮಾಡಿದವರಾದರೆ ಕೈಗೂ ಒಂದು ನೆನಪು ಉಳಿಯುತ್ತದೆ. ವಯಸ್ಕರ ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ ಐದು ಸೆಂಟಿಮೀಟರ್ ಆಳಕ್ಕೆ ಒತ್ತುವಾಗ ಪಕ್ಕೆಲುಬು ಮುರಿಯುವುದು ಸಾಮಾನ್ಯ. ಸರಿಯಾಗಿ ಒತ್ತಿದಾಗಲೂ ಮುರಿಯುತ್ತದೆ. ಆದರೆ ಅಪ್ಪನ ಎದೆಗೂಡು ತನ್ನ ಅಂಗೈ ಕೆಳಗೆ ಲಟಕ್ಕೆಂದ ಸದ್ದನ್ನು ಕೇಳಿದ ಮಗನಿಗೆ ಅದನ್ನು ಯಾರಾದರೂ ಕೂರಿಸಿಕೊಂಡು ಹೇಳಬೇಕು. ಹೇಳದಿದ್ದರೆ ‘ನಾನೇ ಏನೋ ತಪ್ಪು ಮಾಡಿದೆ’ ಎಂಬ ಕೊರಗು ಒಳಗೇ ಉಳಿಯುತ್ತದೆ. ಸಿಪಿಆರ್ ಗೊತ್ತಿಲ್ಲದೆ ಕೈಕಟ್ಟಿ ನಿಂತವರ ಕೊರಗು ಬೇರೆ: ‘ಇನ್ನೂ ಮೊದಲೇ ಎಬ್ಬಿಸಿದ್ದರೆ?’ ‘ಗ್ಯಾಸ್ಟ್ರಿಕ್ ಅಂದಾಗ ನಂಬದೇ ಇದ್ದಿದ್ದರೆ?’

ಚಿಕಿತ್ಸೆ ನಡೆಯುವಾಗ ಮನೆಯವರನ್ನು ಹೊರಗೆ ಕಳಿಸುವುದು ಅವರ ಒಳಿತಿಗೇ ಎಂದು ಬಹುಕಾಲ ನಂಬಲಾಗಿತ್ತು. ಫ್ರಾನ್ಸ್‌ನಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಮನೆಯಲ್ಲಿ ಹೃದಯ ಸ್ತಂಭನವಾದವರ 570 ಬಂಧುಗಳನ್ನು ಒಳಗೊಂಡ ಈ ಅಧ್ಯಯನ 2013ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಬೇಕಿದ್ದರೆ ಪಕ್ಕದಲ್ಲೇ ನಿಂತು ನೋಡಬಹುದೆಂದು ಒಂದು ಗುಂಪಿನವರಿಗೆ ಕ್ರಮವಾಗಿ ಹೇಳಲಾಗಿತ್ತು. ಇನ್ನೊಂದು ಗುಂಪಿಗೆ ಎಂದಿನ ಪದ್ಧತಿ. ಮೂರು ತಿಂಗಳ ನಂತರ ವಿಚಾರಿಸಿದಾಗ ಆಘಾತದ ನಂತರದ ಮಾನಸಿಕ ಒತ್ತಡದ ಲಕ್ಷಣಗಳು ಹೆಚ್ಚಾಗಿ ಕಂಡಿದ್ದು ಎರಡನೇ ಗುಂಪಿನಲ್ಲಿ. ಆ ರೋಗಿಗಳಲ್ಲಿ ಬಹುತೇಕರು ಉಳಿಯಲಿಲ್ಲ. ಹಾಗಿದ್ದೂ, ಮುಚ್ಚಿದ ಬಾಗಿಲಿನ ಹೊರಗೆ ನಿಂತವರಿಗಿಂತ ಕಣ್ಣಾರೆ ಕಂಡವರೇ ಆ ನೋವನ್ನು ಹೆಚ್ಚು ತಾಳಿಕೊಂಡಿದ್ದರು.

‘ನಿನ್ನ ತಾಳಿ ಗಟ್ಟಿ ಕಣಮ್ಮಾ’

ಹೃದಯ ಮತ್ತೆ ಬಡಿಯತೊಡಗಿದ ಮಾತ್ರಕ್ಕೆ ಉತ್ತರ ಸಿಗುವುದಿಲ್ಲ. ಎಚ್ಚರ ಬಾರದೆ ವೆಂಟಿಲೇಟರ್‌ನಲ್ಲಿ ಮಲಗಿದವರ ಮಿದುಳಿನ ಸ್ಥಿತಿ ಬಗ್ಗೆ ತೀರ್ಮಾನಕ್ಕೆ ಬರಲು ಕನಿಷ್ಠ 72 ಗಂಟೆ ಕಾಯಬೇಕೆನ್ನುವುದು ವೈದ್ಯಕೀಯ ನಿಯಮ. ವೈದ್ಯರಿಗೆ ಅದು ಎಚ್ಚರಿಕೆ; ಹೊರಗೆ ಕೂತವರಿಗೆ ಮೂರು ಹಗಲು ಮೂರು ರಾತ್ರಿ. ‘ಎಪ್ಪತ್ತೆರಡು ಗಂಟೆ ಏನೂ ಹೇಳೋಕಾಗಲ್ಲ’ ಎಂಬ ಮಾತಿನ ಸುತ್ತ ಹರಕೆಗಳು ಬೆಳೆಯುತ್ತವೆ, ಸಾಲದ ಫೋನುಗಳು ಹೋಗುತ್ತವೆ. ಇಂಥ ದಿನಗಳನ್ನು ಕಳೆದ ಮನೆಯವರಲ್ಲಿ ಕಾಣುವ ಆತಂಕ, ಖಿನ್ನತೆ, ನಿದ್ರಾಹೀನತೆಗಳನ್ನು ಒಟ್ಟಾಗಿ ತೀವ್ರ ನಿಗಾ ಘಟಕದ ನಂತರದ ಕುಟುಂಬದ ತೊಂದರೆ ಎಂದು ವೈದ್ಯಶಾಸ್ತ್ರ ಗುರುತಿಸಿ ಹತ್ತು ವರ್ಷದ ಮೇಲಾಯಿತು.

ಆಮೇಲೊಂದು ದಿನ ಡಿಸ್ಚಾರ್ಜ್. ಮನೆ ಬಾಗಿಲಲ್ಲಿ ಆರತಿ ಎತ್ತುತ್ತಾರೆ. ಎಳನೀರು, ಮೋಸಂಬಿ ಹಿಡಿದು ನೆಂಟರು ಬರುತ್ತಾರೆ. ‘ಪುನರ್ಜನ್ಮ ಅಂದ್ರೆ ಇದೇ ನೋಡಿ’ ಎನ್ನುತ್ತಾರೆ. ಅವತ್ತು ಏನಾಯಿತೆಂದು ಬಂದವರಿಗೆಲ್ಲ ಹೆಂಡತಿ ಮೊದಲಿನಿಂದ ಹೇಳಬೇಕು, ಹೇಳುತ್ತಲೇ ಕಾಫಿಗೆ ನೀರಿಡಬೇಕು. ಹೊರಡುವ ಮುನ್ನ ಹಿರಿಯರೊಬ್ಬರು ಅವಳ ತಲೆ ಸವರಿ, ‘ನಿನ್ನ ತಾಳಿ ಗಟ್ಟಿ ಕಣಮ್ಮಾ’ ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ಅದಾದ ಮೇಲೆ ಅವಳು ‘ನನಗೆ ಸಾಕಾಗಿದೆ, ಹೆದರಿಕೆಯಾಗುತ್ತಿದೆ’ ಎಂದು ಬಾಯಿಬಿಡುವುದಾದರೂ ಹೇಗೆ? ಭಾಗ್ಯವಂತಳು ದೂರು ಹೇಳಿದರೆ ದೇವರಿಗೆ ಮಾಡಿದ ಅಪಚಾರವಾಗುತ್ತದೆ. ಒಪ್ಪಿಸಲು ದುಃಖವಿಲ್ಲ, ಅಳಲು ಸಾವಿಲ್ಲ. ಕೃತಜ್ಞತೆಯೇ ಅವಳ ಬಾಯಿ ಕಟ್ಟಿಬಿಡುತ್ತದೆ.

ಮನೆಯ ದೀಪ ಆರಿಸಿದ ಮೇಲೆ ನಿಜವಾದ ಪಾಳಿ ಶುರು. ಗಂಡನ ಗೊರಕೆ ಕೇಳುತ್ತಿದ್ದರೆ ಸಮಾಧಾನ. ವರ್ಷಗಟ್ಟಲೆ ನಿದ್ದೆ ಕೆಡಿಸಿದ್ದ ಅದೇ ಗೊರಕೆ ನಿಂತರೆ ಈಗ ಎಚ್ಚರವಾಗುತ್ತದೆ. ಕತ್ತಲಲ್ಲೇ ಹೊದಿಕೆ ಮೇಲೇಳುತ್ತಿದೆಯೇ ಎಂದು ನೋಡುತ್ತಾಳೆ. ಕಾಣದಿದ್ದರೆ ಮೂಗಿನ ಬಳಿ ಬೆರಳು ಹಿಡಿಯುತ್ತಾಳೆ. ಬಿಸಿಯುಸಿರು ತಾಗಿದರೂ ಅನುಮಾನ ಹೋಗದೆ ಮೆಲ್ಲಗೆ ಭುಜ ಅಲುಗಿಸುತ್ತಾಳೆ. ‘ಏನೇ?’ ಎಂದು ಅವನು ಗದರಿದರೆ, ‘ಏನಿಲ್ಲ ಮಲಗಿ’ ಎಂದು ಮಗ್ಗುಲಾಗುತ್ತಾಳೆ. ಸ್ನಾನಕ್ಕೆ ಹೋದವನು ಐದು ನಿಮಿಷ ತಡಮಾಡಿದರೆ ಬಾಗಿಲು ತಟ್ಟುವುದು, ಚಿಲಕ ಹಾಕಬೇಡಿ ಎನ್ನುವುದು, ವಾಕಿಂಗ್ ಹೋದರೆ ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡುವುದು. ಬೇರೆ ಬೇರೆ ದೇಶಗಳಲ್ಲಿ ಬದುಕುಳಿದವರ ಸಂಗಾತಿಗಳನ್ನು ಮಾತಾಡಿಸಿದ ಸಂಶೋಧಕರಿಗೆ ಪದೇಪದೇ ಎದುರಾಗಿದ್ದು ಇದೇ ಕಾವಲು: ಕಣ್ಣು ಮುಚ್ಚಿದರೆ ಮತ್ತೆ ಆಗಿಬಿಡುತ್ತದೆ ಎಂಬ ಭಯ.

ಅದೇ ಮುಖ, ಬೇರೆ ಮನುಷ್ಯ

ಮಿದುಳಿಗೆ ರಕ್ತ ನಿಂತಾಗ ಮೊದಲು ನಲುಗುವ ಭಾಗಗಳಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಒಂದು. ಬದುಕುಳಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ನೆನಪು, ಗಮನ, ಯೋಜನೆಯ ಶಕ್ತಿಯಲ್ಲಿ ಒಂದಿಷ್ಟು ಕೊರತೆ ಉಳಿಯುತ್ತದೆ. ಹೆಚ್ಚಿನವರಲ್ಲಿ ಅದು ಸೌಮ್ಯವಾಗಿರುತ್ತದೆ. ಸೌಮ್ಯವಾದ್ದರಿಂದಲೇ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ನೆಂಟರ ಮುಂದೆ ಅರ್ಧ ಗಂಟೆ ಚೆನ್ನಾಗಿ ಮಾತಾಡುವ ಮನುಷ್ಯ ಅವರು ಹೋದ ಮೇಲೆ ದಣಿದು ಮಲಗುತ್ತಾನೆ. ಬೆಳಿಗ್ಗೆ ತೆಗೆದುಕೊಂಡ ಮಾತ್ರೆ ನೆನಪಿಲ್ಲದೆ ಮತ್ತೆ ಡಬ್ಬಿ ತೆರೆಯುತ್ತಾನೆ. ಅಂಗಡಿ ಲೆಕ್ಕ ಬೆರಳ ತುದಿಯಲ್ಲಿದ್ದವನು ಸಾವಿರ ರೂಪಾಯಿ ಚಿಲ್ಲರೆಗೆ ತಡಕಾಡುತ್ತಾನೆ. ಟಿವಿ ಸದ್ದಿಗೂ ರೇಗುತ್ತಾನೆ. ‘ಮೊದಲು ಹೀಗಿರಲಿಲ್ಲ’ ಎಂದು ಹೆಂಡತಿ ಹೇಳಿದರೆ, ‘ಜೀವ ಉಳಿದಿದೆಯಲ್ಲ, ಸಾಕು ಬಿಡು’ ಎಂಬ ಉತ್ತರ ಬರುತ್ತದೆ.

ಮನುಷ್ಯ ಎದುರಿಗಿದ್ದೂ ಮೊದಲಿನವನಾಗಿ ಸಿಗದ ಈ ಸ್ಥಿತಿಗೆ ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್ 1970ರ ದಶಕದಲ್ಲೇ ಒಂದು ಹೆಸರು ಕೊಟ್ಟರು. ಅಸ್ಪಷ್ಟ ಅಗಲಿಕೆ ಎಂದು ಅದನ್ನು ಕನ್ನಡದಲ್ಲಿ ಹೇಳಬಹುದು. ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ನೋಡುತ್ತ ಶುರುವಾದ ಅವರ ಕೆಲಸ, ಮುಂದೆ ಮರೆವಿನ ಕಾಯಿಲೆಯವರ ಮನೆಗಳಿಗೂ ಹಬ್ಬಿತು. ಸತ್ತವರಿಗಾದರೆ ತಿಥಿಯಿದೆ, ಹದಿಮೂರು ದಿನದ ಲೆಕ್ಕವಿದೆ. ಮಾತು ಕಡಿಮೆಯಾದ ಗಂಡನಿಗಾಗಿ, ನಗು ಮರೆತ ಅಪ್ಪನಿಗಾಗಿ ದುಃಖಿಸಲು ಯಾವ ದಿನವೂ ನಿಗದಿಯಾಗಿಲ್ಲ.

ಲಯ ಮತ್ತೆ ಕೆಡುವ ಅಪಾಯವಿದ್ದವರ ಎದೆಯ ಚರ್ಮದಡಿ ಐಸಿಡಿ ಎಂಬ ಚಿಕ್ಕ ಯಂತ್ರ ಕೂರಿಸುತ್ತಾರೆ. ಹೃದಯ ದಾರಿ ತಪ್ಪಿದರೆ ಅದು ಒಳಗಿಂದಲೇ ಶಾಕ್ ಕೊಟ್ಟು ಸರಿಪಡಿಸುತ್ತದೆ. ಜೀವ ಕಾಯುವ ಈ ಯಂತ್ರ ಮನೆಯಲ್ಲಿ ಹೊಸ ಪ್ರಶ್ನೆಗಳನ್ನೂ ಹುಟ್ಟಿಸುತ್ತದೆ. ಪಕ್ಕದಲ್ಲಿ ಮಲಗಬಹುದೇ? ಮಗು ಎದೆ ಮೇಲೆ ಒರಗಬಹುದೇ? ಶಾಕ್ ಬಂದಾಗ ಮುಟ್ಟಿಕೊಂಡಿದ್ದವರಿಗೆ ಸಣ್ಣ ಜುಮ್ಮೆನ್ನುವ ಅನುಭವವಾದೀತು, ಅಪಾಯವಿಲ್ಲ ಎನ್ನುವುದು ಸರಳ ಉತ್ತರ. ಆದರೆ ಕೇಳಲು ನಾಚಿಕೆ, ಹೇಳುವವರಿಗೆ ಬಿಡುವಿಲ್ಲ. ಗಂಡ ಹೆಂಡತಿಯ ಹಾಸಿಗೆಗಳು ತಿಂಗಳುಗಟ್ಟಲೆ ಬೇರೆಯಾಗಿಯೇ ಉಳಿಯುತ್ತವೆ. ಕಾಯಿಲೆ ವಂಶವಾಹಿಯ ಬಗೆಯದಾಗಿದ್ದರೆ, ಹೃದಯದ ಸ್ನಾಯು ದಪ್ಪವಾಗುವ ತೊಂದರೆಯಾಗಲಿ ಇಸಿಜಿಯಲ್ಲಿ ಕಾಣುವ ಲಯದೋಷವಾಗಲಿ, ಒಡಹುಟ್ಟಿದವರೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಆಗ ತಾಯಿಯ ಕಾವಲು ಒಂದು ಹಾಸಿಗೆಯಿಂದ ಮೂರು ಹಾಸಿಗೆಗೆ ಹಬ್ಬುತ್ತದೆ.

ಇದರ ಜೊತೆಗೆ ಹಣದ ಚಿಂತೆ. ದುಡಿಯುವ ಕೈ ಕೆಲಸ ಬಿಟ್ಟಿರುತ್ತದೆ, ನೋಡಿಕೊಳ್ಳುವ ಕೈಯೂ ರಜೆ ಮುಗಿಸಿರುತ್ತದೆ. ಅಡವಿಟ್ಟ ಒಡವೆ, ಬ್ಯಾಂಕಿನ ಕಂತು, ಮಗಳ ಕಾಲೇಜು ಫೀಸು. ಇವನ್ನು ಪೇಷೆಂಟ್ ಮುಂದೆ ಮಾತಾಡಬಾರದು, ‘ಟೆನ್ಷನ್ ಕೊಡಬೇಡಿ’ ಎಂದು ವೈದ್ಯರೇ ಹೇಳಿದ್ದಾರೆ. ಹಾಗಾಗಿ ಇಪ್ಪತ್ತೈದು ವರ್ಷ ಎಲ್ಲವನ್ನೂ ಹಂಚಿಕೊಂಡ ಒಬ್ಬನೇ ಒಬ್ಬ ಸ್ನೇಹಿತನಿಗೆ ಮಾತ್ರ ಈಗ ಏನೂ ಹೇಳುವಂತಿಲ್ಲ.

ನಾಯಕ ನಡೆದು ಬಂದ ದಿಕ್ಕು

2021ರ ಜೂನ್ 12, ಕೋಪನ್‌ಹೇಗನ್. ಯುರೋ ಕಪ್ ಫುಟ್‌ಬಾಲ್‌ನಲ್ಲಿ ಡೆನ್ಮಾರ್ಕ್ ಮತ್ತು ಫಿನ್ಲೆಂಡ್ ಪಂದ್ಯದ ಮೊದಲಾರ್ಧ ಮುಗಿಯುವ ಹೊತ್ತಿಗೆ ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ ಮೈದಾನದಲ್ಲೇ ಕುಸಿದರು. ಹೃದಯ ನಿಂತಿತ್ತು. ವೈದ್ಯರು ಸಿಪಿಆರ್ ಮಾಡಿ ಡಿಫಿಬ್ರಿಲೇಟರ್‌ನಿಂದ ಶಾಕ್ ಕೊಟ್ಟರು. ಆಟಗಾರರು ಸುತ್ತುಗಟ್ಟಿ, ಅವರಿಗೆ ಬೆನ್ನು ಮಾಡಿ ನಿಂತು ಮರೆಯಾದರು. ಅಷ್ಟರಲ್ಲಿ ಎರಿಕ್ಸನ್ ಅವರ ಸಂಗಾತಿ ಸಬ್ರಿನಾ ಪ್ರೇಕ್ಷಕರ ಗ್ಯಾಲರಿಯಿಂದ ಇಳಿದು ಮೈದಾನದ ಅಂಚಿಗೆ ಬಂದಿದ್ದರು. ನಾಯಕ ಸಿಮೊನ್ ಕ್ಯಾರ್ ಮತ್ತು ಗೋಲ್‌ಕೀಪರ್ ಕ್ಯಾಸ್ಪರ್ ಶ್ಮೈಕೆಲ್ ಅವರತ್ತ ನಡೆದು ಹೋದರು, ತೋಳಿನಲ್ಲಿ ಬಳಸಿ ಹಿಡಿದು ನಿಂತರು. ಆಮೇಲೆ ತಂಡದ ಆಟಗಾರರಿಗೂ ಆಪ್ತಸಮಾಲೋಚಕರ ನೆರವು ಒದಗಿತು. ಐಸಿಡಿ ಅಳವಡಿಸಿಕೊಂಡ ಎರಿಕ್ಸನ್ 2022ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಪರವಾಗಿ ಮತ್ತೆ ಆಡಿದರು.

ಬಿದ್ದವನ ಹೃದಯವನ್ನು ವೈದ್ಯರು ನೋಡಿಕೊಳ್ಳುತ್ತಿರುವಾಗ, ನಿಂತವಳನ್ನು ಹಿಡಿದುಕೊಳ್ಳಬೇಕೆಂದು ಇಬ್ಬರಿಗೆ ಹೊಳೆಯಿತು. ವೈದ್ಯಕೀಯ ಮಾರ್ಗಸೂಚಿಗಳೂ ಆ ಹೊತ್ತಿಗೆ ಇದೇ ದಿಕ್ಕಿಗೆ ತಿರುಗುತ್ತಿದ್ದವು. ಕರೆ, ಸಿಪಿಆರ್, ಶಾಕ್, ಆಂಬುಲೆನ್ಸ್, ಆಸ್ಪತ್ರೆ ಎಂದು ಸಾಗುತ್ತಿದ್ದ ಜೀವರಕ್ಷಣೆಯ ಸರಪಳಿಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2020ರಲ್ಲಿ ಚೇತರಿಕೆ ಎಂಬ ಆರನೇ ಕೊಂಡಿ ಸೇರಿಸಿತು. ಆತಂಕ, ಖಿನ್ನತೆ, ಆಘಾತದ ನಂತರದ ಒತ್ತಡ, ದಣಿವುಗಳನ್ನು ಬದುಕುಳಿದವರಲ್ಲಿ ಮಾತ್ರವಲ್ಲ, ನೋಡಿಕೊಳ್ಳುವವರಲ್ಲೂ ಕ್ರಮವಾಗಿ ಪರೀಕ್ಷಿಸಬೇಕು ಎಂದಿತು. ಇಂಗ್ಲೆಂಡಿನ ಎಸೆಕ್ಸ್‌ನ ಹೃದ್ರೋಗ ಕೇಂದ್ರವೊಂದು ಬದುಕುಳಿದವರಿಗೂ ಅವರ ಕುಟುಂಬಕ್ಕೂ ಸೇರಿಯೇ ವಿಶೇಷ ಕ್ಲಿನಿಕ್ ನಡೆಸುತ್ತಿದೆ. ನೆದರ್ಲೆಂಡ್ಸ್‌ನಲ್ಲಿ ತರಬೇತಾದ ನರ್ಸ್ ಒಬ್ಬರು ಡಿಸ್ಚಾರ್ಜ್ ಆದ ಕೆಲದಿನಗಳಲ್ಲೇ ಗಂಡಹೆಂಡಿರಿಬ್ಬರನ್ನೂ ಭೇಟಿ ಮಾಡಿ ಮಾತಾಡುವ ಪ್ರಯೋಗ ನಡೆಯಿತು. ಅಲ್ಲಿನ ಸಂಶೋಧನೆಗಳೇ ತೋರಿಸುವಂತೆ, ನೋಡಿಕೊಳ್ಳುವವರಲ್ಲಿ ಬಹಳಷ್ಟು ಮಂದಿ ಮೊದಲ ವರ್ಷ ಕಳೆಯುವಷ್ಟರಲ್ಲಿ ಚೇತರಿಸಿಕೊಳ್ಳುತ್ತಾರೆ. ಹಿಂದೆ ಉಳಿಯುವ ಕೆಲವರನ್ನು ಆರಂಭದಲ್ಲೇ ಗುರುತಿಸಬೇಕು.

ಕರ್ನಾಟಕದಲ್ಲಿ ಅಂಥ ಕ್ಲಿನಿಕ್ ಹತ್ತಿರದಲ್ಲಿಲ್ಲದಿದ್ದರೂ ದಾರಿ ಪೂರ್ತಿ ಮುಚ್ಚಿಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮಾರ್ಗದರ್ಶಿ ಸಂಸ್ಥೆ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ, ಕಾಯಿಲೆ ತನ್ನದೇ ಆಗಿರಬೇಕೆಂಬ ನಿಯಮವೂ ಇಲ್ಲ. ಗಂಡ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಕರೆ ಮಾಡಿದರೂ ಆ ಕಡೆ ಕೇಳುವವರಿದ್ದಾರೆ.

ಡಿಸ್ಚಾರ್ಜ್ ಹೊತ್ತಿನಲ್ಲೇ ಕೆಲವು ಪ್ರಶ್ನೆ ಬರೆದುಕೊಂಡು ಕೇಳಿದರೆ ಮುಂದಿನ ಎಷ್ಟೋ ರಾತ್ರಿ ಹಗುರವಾಗುತ್ತವೆ. ಮತ್ತೆ ಹೀಗಾಗುವ ಸಾಧ್ಯತೆ ಎಷ್ಟು? ಯಾವ ಲಕ್ಷಣ ಕಂಡರೆ 108ಕ್ಕೆ ಕರೆ ಮಾಡಬೇಕು, ಯಾವುದಕ್ಕೆ ಕಾಯಬಹುದು? ಮರೆವು, ಸಿಟ್ಟು ಕಂಡರೆ ಯಾರನ್ನು ನೋಡಬೇಕು? ಮನೆಯಲ್ಲಿ ಇಬ್ಬರಾದರೂ ಸಿಪಿಆರ್ ಕಲಿತಿದ್ದರೆ ಕಾವಲಿಗೆ ಪಾಳಿ ಸಿಗುತ್ತದೆ. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಬಾರದವರಿಗೂ ಎದೆ ಒತ್ತುವುದನ್ನಷ್ಟೇ ಕಲಿಸುವ ಸರಳ ಕ್ರಮವನ್ನು ಭಾರತದ ಅರಿವಳಿಕೆ ತಜ್ಞರು 2017ರಲ್ಲೇ ರೂಪಿಸಿದ್ದಾರೆ. ಮಾತ್ರೆಗೆ ವಾರದ ಖಾನೆಗಳಿರುವ ಡಬ್ಬಿ, ಗೋಡೆಗೊಂದು ದಿನಚರಿಯ ಹಾಳೆ ಇದ್ದರೆ ದಿನಕ್ಕೆ ಹತ್ತು ಸಲ ನೆನಪಿಸುವ ಜಗಳ ತಪ್ಪುತ್ತದೆ. ಎಳನೀರು ತರುವ ನೆಂಟರು ಒಂದು ಮಧ್ಯಾಹ್ನ ಪೇಷೆಂಟ್ ಜೊತೆ ಕೂತು, ‘ನೀನು ಒಳಗೆ ಹೋಗಿ ಎರಡು ಗಂಟೆ ಮಲಗಮ್ಮಾ’ ಎಂದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಒಪಿಡಿಯಲ್ಲಿ ಟೋಕನ್ ಬಂದಾಗ ಗಂಡ ವೈದ್ಯರ ಎದುರಿನ ಕುರ್ಚಿಯಲ್ಲಿ ಕೂರುತ್ತಾನೆ. ಹೆಂಡತಿ ಫೈಲು ತಬ್ಬಿಕೊಂಡು ಪಕ್ಕದ ಸ್ಟೂಲಿನಲ್ಲಿ. ‘ಹೇಗಿದ್ದೀರಿ?’ ಎಂದು ವೈದ್ಯರು ಕೇಳುವುದು ಅವನನ್ನು. ಉತ್ತರ ಬರುವುದು ಅವಳಿಂದ: ‘ಊಟ ಸೇರ್ತಿದೆ ಸರ್, ನಿದ್ದೆ ಪರವಾಗಿಲ್ಲ.’ ಆ ನಿದ್ದೆ ಅವನದು. ಅಷ್ಟಾದ ಮೇಲೆ ಇನ್ನೊಂದು ಪ್ರಶ್ನೆಯೂ ಬರಬೇಕು: ‘ನಿಮ್ಮ ನಿದ್ದೆ ಹೇಗಿದೆ ಅಮ್ಮಾ?’ ಯುರೋಪಿನ ಪುನಶ್ಚೇತನ ಮಂಡಳಿ 2021ರ ಮಾರ್ಗಸೂಚಿಯಲ್ಲಿ, ಬದುಕುಳಿದವರನ್ನು ಡಿಸ್ಚಾರ್ಜ್ ಆದ ಮೂರು ತಿಂಗಳೊಳಗೆ ಮತ್ತೆ ಕರೆಸಿ ನೋಡಬೇಕು, ಅದೇ ಭೇಟಿಯಲ್ಲಿ ಮನೆಯವರಿಗೂ ಮಾಹಿತಿ ಮತ್ತು ನೆರವು ಕೊಡಬೇಕು ಎಂದು ಬರೆದಿದೆ.